ಸ್ಯಾನಿಟರಿ ಸಾಹೇಬರು ಕುಡಿದ ನೀರು

ಅವರ ಬಲಗೈ ಬೆರಳುಗಳು ಉಗುರಿನ ಬುಡದವರೆಗೂ ಕಂದುಗಟ್ಟಿದ್ದವು. ಬಾವಿಗೆ ಹಾಕುವ ಕೆಂಪು ಔಷಧದ ಕಲೆ ಅದು. ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ನಮ್ಮ ಅಜ್ಜಿಗೆ ಆ ಕೈ ಕಂಡರೇ ಅನುಮಾನ. "ಒಳ್ಳೆ ಕೆಲಸ ಮಾಡೋರ ಕೈ ಹಂಗ್ಯಾಕ ಇರತೈತಿ?" ಎನ್ನುತ್ತಿದ್ದಳು.

ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದವು. ನಮ್ಮದು ಗೋಕಾಕದ ಹತ್ತಿರ ಘಟಪ್ರಭೆಯ ದಂಡೆಯ ಹಳ್ಳಿ. ನಸುಕಿನಲ್ಲಿ ಊರೆಲ್ಲ ಚರಿಗೆ ಹಿಡಿದು ಬಹಿರ್ದೆಸೆಗೆ ಹೋಗುವುದು ಹೊಳೆದಂಡೆಗೇ. ಕುಡಿಯುವ ನೀರಿನ ಬಾವಿ ಇದ್ದದ್ದೂ ಅದೇ ದಂಡೆಯ ಇಳಿಜಾರಿನ ಕೆಳಗೆ. ಊರೂರ ನೈರ್ಮಲ್ಯ ನೋಡಿಕೊಳ್ಳುವ ಸರ್ಕಾರಿ ನೌಕರರಾದ ಸ್ಯಾನಿಟರಿ ಸಾಹೇಬರು ಗೋಕಾಕದಿಂದ ಸೈಕಲ್ ಮೇಲೆ ಬಂದು, ಬಾವಿಯ ಸುತ್ತ ಸುಣ್ಣದ ಗೆರೆ ಎಳೆದು, "ಈ ಗೆರಿ ದಾಟಿ ಕೂಡಬ್ಯಾಡ್ರಿ, ಅತ್ಲಾಗ ಹೋಗ್ರಿ" ಎಂದು ಕೈಮುಗಿಯುತ್ತಿದ್ದರು. ಮಂದಿ ಎದುರಿಗೆ ಹೂಂ ಎಂದು, ಬೆನ್ನ ಹಿಂದೆ 'ಹೊಲಸು ಸಾಹೇಬ' ಎಂದು ನಗುತ್ತಿದ್ದರು.

ನಗುವುದಕ್ಕಿಂತ ಸಂಶಯಪಟ್ಟದ್ದೇ ಹೆಚ್ಚು. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಬೆಲ್ಲ, ನೀರು. ಸಾಹೇಬರು ಬೆಲ್ಲ ಬಾಯಿಗೆ ಹಾಕಿಕೊಂಡು, ತಂಬಿಗೆ ಮುಟ್ಟಿ ನಮಸ್ಕರಿಸಿ ಹಾಗೇ ಇಡುತ್ತಿದ್ದರು. ಕೆಳಗಿನ ಕೇರಿಯವರು "ನಮ್ಮ ಜಾತಿಗೆ ಹೇಸತಾನ" ಎಂದರು. ನಮ್ಮ ಓಣಿಯವರು "ನೀರಾಗ ಏನೋ ಹಾಕ್ಯಾನ, ಅದಕ್ಕ ತಾ ಕುಡಿಯಾಂಗಿಲ್ಲ" ಎಂದರು. ಅದೇ ಮನುಷ್ಯ ಎರಡೂ ಕಡೆ ಚಹಾ ಕುಡಿಯುತ್ತಿದ್ದ. ಚಹಾ ಕುದ್ದಿರುತ್ತದೆ ಎಂಬುದು ಒಬ್ಬರಿಗೂ ಹೊಳೆಯಲಿಲ್ಲ.

ಒಂದು ಮಳೆಗಾಲ ವಾಂತಿಭೇದಿ ಬಂತು. ಮಗ್ಗುಲ ಮನೆಯ ಸೊಸೆ ತೀರಿಹೋದಳು. ನನ್ನ ತಮ್ಮ ಹಾಸಿಗೆ ಹಿಡಿದ. ಸಾಹೇಬರು ಔಷಧ ತಂದಾಗ ಅಜ್ಜಿ ಬಾವಿಕಟ್ಟೆಯ ಮೇಲೆ ಕುಳಿತುಬಿಟ್ಟಳು.

"ಒಂದ ದಿನಾ ನಮ್ಮ ನೀರು ಕುಡದವರಲ್ಲ. ಬಾವ್ಯಾಗ ಏನ ಹಾಕತೀರಿ?"

"ಔಷಧ ಐತಿ, ಆಯಿ. ಹಾಕಿದ ಮ್ಯಾಲ ನಿಮ್ಮ ಮುಂದನ ಕುಡೀತೇನಿ."

"ಹಾಕಿದ ಮ್ಯಾಲ ಅದು ನಿಮ್ಮ ನೀರಾತು. ಮೊದಲ ನಮ್ಮ ನೀರು ಕುಡೀರಿ."

ಸಾಹೇಬರು ದಂಡೆಯ ಮೇಲ್ಭಾಗ ನೋಡಿದರು. ಅಲ್ಲಿಂದ ಮಳೆನೀರು ಬಾವಿಗೆ ಇಳಿದ ಗುರುತು ಇನ್ನೂ ಹಸಿಯಾಗಿತ್ತು.

"ಇದರಾಗ ಬ್ಯಾನಿ ಐತಿ, ಆಯಿ."

"ನಾವು ದಿನಾ ಕುಡೀತೇವಲ್ಲ?"

"ಹುಡುಗ ಹೆಂಗದಾನ?" ಎಂದು ಸಾಹೇಬರು ಕೇಳಿದರು. ಅಜ್ಜಿ ತಂಬಿಗೆ ತುಂಬಿ ಚಾಚಿದಳು. ಸಾಹೇಬರು ಅದನ್ನು ಕೆಳಗಿಳಿಸದೆ ಕುಡಿದರು. ಅಜ್ಜಿ ಕಟ್ಟೆಯಿಂದ ಎದ್ದಳು.

ಬಾವಿಯ ನೀರು ಕೆಂಪಾಯಿತು. ತಮ್ಮನಿಗೆ ಕಾಯಿಸಿ ಆರಿಸಿದ ನೀರಿಗೆ ಉಪ್ಪು, ಬೆಲ್ಲ ಕದಡಿ ಗುಟುಕು ಗುಟುಕಾಗಿ ಕುಡಿಸಲು ಹೇಳಿ ಸಾಹೇಬರು ಸೈಕಲ್ ಹತ್ತಿದರು. ತಮ್ಮ ಚೇತರಿಸಿಕೊಂಡ. ಓಣಿಯಲ್ಲಿ ಹೊಸದಾಗಿ ಯಾರೂ ಹಾಸಿಗೆ ಹಿಡಿಯಲಿಲ್ಲ.

ಆದರೆ ಸಾಹೇಬರು ಮತ್ತೆ ಬರಲಿಲ್ಲ. ಅವರು ತೀರಿಕೊಂಡರೆಂದು ಸಂತೆಗೆ ಹೋದವರು ಸುದ್ದಿ ತಂದರು. ಅಜ್ಜಿ ಅದನ್ನೂ ನಂಬಲಿಲ್ಲ. "ಮಂದಿ ಏನರ ಅಂತಾರ" ಎಂದು ನನ್ನನ್ನು ಕರೆದುಕೊಂಡು ಗೋಕಾಕಕ್ಕೆ ನಡೆದಳು.

ಬಾಗಿಲು ತೆರೆದದ್ದು ಅವರ ಹೆಂಡತಿ. ಬರಿ ಹಣೆ. ನಮ್ಮೂರ ಹೆಸರು ಕೇಳಿ ಆಕೆ ಅಂದಳು: "ವಾಂತಿಭೇದಿ ಬರಬಾರದಂತ ಸೂಜಿ ಮಾಡಿಸಿಕೊಂಡಿದ್ರು, ಆದ್ರೂ ಬಂತು, ಉಳೀಲಿಲ್ಲರಿ. ಎಲ್ಲ್ಯೂ ನೀರು ಮುಟ್ಟತಿರಲಿಲ್ಲ. ಯಾರು ಕುಡಿಸಿದರಂತ ಎಷ್ಟು ಕೇಳಿದ್ರೂ ಹೇಳಲಿಲ್ಲ."

ಜೀವಮಾನವಿಡೀ ಬೇರೆಯವರನ್ನು ಸಂಶಯಿಸಿದ ಅಜ್ಜಿ ತಲೆ ತಗ್ಗಿಸಿದಳು. "ನಾನ ಕುಡಿಸೇನಿ, ಯವ್ವಾ."

ಆಕೆ ಕದಕ್ಕೆ ಕೈ ಹಚ್ಚಿದಳು. ಕದ ಹಾಕಿಕೊಳ್ಳುತ್ತಾಳೆ ಎಂದುಕೊಂಡೆ.

"ನಿಮ್ಮೂರಾಗ ಮಲಗಿದ್ದ ಆ ಹುಡುಗ ಉಳದನೇನ್ರಿ? ಕಡೀತನಕಾ ಅದನ್ನ ಕೇಳತಿದ್ರು."

ಅಜ್ಜಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. "ಉಳದಾನ್ರಿ" ಎಂದು ನಾನೇ ಹೇಳಿದೆ.