ಒಂದೇ ಚಾಪೆಯವರು

ಸೋಮಮ್ಮನಿಗೆ ಧಾರಾವಾಹಿಯ ನಾಯಕಿಯರನ್ನು ಕಂಡರೆ ಆಗುತ್ತಿರಲಿಲ್ಲ. ಅವರು ಅಳುತ್ತಾರೆ ಅಂತಲ್ಲ, ರೇಷ್ಮೆ ಸೀರೆ ಉಟ್ಟುಕೊಂಡು ಅಳುತ್ತಾರೆ ಅಂತ.

“ಮುದ್ದೆ ತಿರುವೋಳು ಜರತಾರಿ ಉಟ್ಕಂಡು ಓಡಾಡ್ತಾಳಲ್ಲ, ಆ ಸೀರೆ ಒಗೆಯೋರು ಯಾರು ಅಂತ ಒಂದಿನಾನಾರ ತೋರ್ಸವ್ರಾ?” ಎನ್ನುತ್ತ ಕೈಯಲ್ಲಿದ್ದ ಹೊಗೆಸೊಪ್ಪಿನ ಎಲೆಯನ್ನು ಕಂದು ಬಣ್ಣದ ರಾಶಿಗೆ ಹಾಕುತ್ತಿದ್ದಳು. ಸುತ್ತ ಕೂತ ಹೆಂಗಸರು ನಗುತ್ತಿದ್ದರು. ನಗುನಗುತ್ತಲೇ ಅವರ ಕೈ ಚುರುಕಾಗುತ್ತಿತ್ತು. ಅದಕ್ಕೇ ಸೊಪ್ಪಿನ ಯಜಮಾನ ಮಹದೇವಪ್ಪ, ಸೋಮಮ್ಮನ ಕೆಲಸ ನಿಧಾನವಾದರೂ ಒಂದು ದಿನವೂ ಅವಳನ್ನು ಬಯ್ದವನಲ್ಲ.

ಗಾವಡಗೆರೆ ಪಕ್ಕದ ಆ ಊರಿನಲ್ಲಿ ಗೌರಿಹಬ್ಬ ಮುಗಿದರೆ ಸಂಕ್ರಾಂತಿಯವರೆಗೂ ಇದೇ ಕೆಲಸ. ಹೊಗೆಸೊಪ್ಪು ಹದ ಮಾಡುವ ಗೂಡಾದ ಬ್ಯಾರನ್ನಿನಲ್ಲಿ ಬೇಯಿಸಿ ಇಳಿಸಿದ ಸೊಪ್ಪನ್ನು ಪಕ್ಕದ ಶೆಡ್ಡಿಗೆ ತಂದು ಹಾಕಿದರೆ, ಹತ್ತು ಹೆಂಗಸರು ಕೂತು ಬಣ್ಣ ನೋಡಿ ಬೇರ್ಪಡಿಸಬೇಕು. ಚಾಪೆಗೆ ಇಬ್ಬರು. ಯಾರ ಜೊತೆ ಯಾರು ಅನ್ನುವುದು ಒಮ್ಮೆ ಗೊತ್ತಾದರೆ ವರ್ಷಗಟ್ಟಲೆ ಬದಲಾಗುವುದಿಲ್ಲ. ಸೋಮಮ್ಮನದೂ ಪ್ರಮೀಳಾಳದೂ ಹದಿನಾಲ್ಕು ವರ್ಷದಿಂದ ಒಂದೇ ಚಾಪೆ. ಇನ್ನೊಂದು ಕಟ್ಟಳೆಯೂ ಅಲ್ಲಿತ್ತು. ಗಂಡನ ಕುಡಿತ, ಅತ್ತೆಯ ಬಾಯಿ, ನಾದಿನಿಯ ಕೊಂಕು ಎಲ್ಲವನ್ನೂ ಶೆಡ್ಡಿನೊಳಗೆ ಆಡಬಹುದು. ಹೊರಗೆ ಹೋಗುವಾಗ ಸೆರಗಿನ ಧೂಳಿನ ಜೊತೆ ಆ ಮಾತನ್ನೂ ಅಲ್ಲೇ ಕೊಡವಿ ಹೋಗಬೇಕು.

ಹಿಂದಿನ ದಿನದ ಧಾರಾವಾಹಿಯನ್ನು ಹೇಳುವ ಪಾಳಿ ಯಾವಾಗಲೂ ಸೋಮಮ್ಮನದು. ಕತೆ ಹೇಳಿ ಬಿಟ್ಟುಬಿಡುವ ಪೈಕಿಯಲ್ಲ ಅವಳು, ತೀರ್ಪನ್ನೂ ಕೊಡಬೇಕು. ನಾಲ್ಕು ಮಹಡಿಯಿಂದ ಬಿದ್ದ ಸಿನಿಮಾ ಹೀರೋ ಎದ್ದು ನಿಂತಾಗ ಅವನ ಕ್ರಾಪು ಕೆಡದಿದ್ದರೆ ಅಂಥ ಸಿನಿಮಾಕ್ಕೆ ಹುಣಸೂರಿನ ತನಕ ಬಸ್ ಹತ್ತಿ ಹೋಗುವುದು ದಂಡ ಅಂತ ಅವಳ ಮತ. ಆಮೇಲೆ ಸೊಸೆ ರಮ್ಯ ಮೊಬೈಲಿಗೆ ಒಂದು ಪಾಡ್‌ಕಾಸ್ಟ್ ಹಾಕಿಕೊಟ್ಟಳು. ಮೈಸೂರಿನ ಇಬ್ಬರು ಹುಡುಗರು ಸಿನಿಮಾ, ಧಾರಾವಾಹಿಗಳನ್ನು ಗೇಲಿ ಮಾಡುತ್ತ ಒಂದು ಗಂಟೆ ಹರಟುತ್ತಿದ್ದರು. ಸೋಮಮ್ಮ ಎರಡು ವಾರ ಕೇಳಿದಳು. ಮೂರನೇ ವಾರ ಅವರಿಗೇ ವಾಯ್ಸ್ ಮೆಸೇಜ್ ಹಾಕಿಸಿದಳು.

“ನೋಡ್ರಪ್ಪಾ, ಮಾತು ಚೆಂದಾಗದೆ. ಆದ್ರೆ ಜೋಕು ಏಳೋಕ್ ಮುಂಚೇನೇ ನೀವೇ ನಕ್ಕುಬುಡ್ತೀರಿ. ಬಡ್ಸೋನೇ ಮೊದ್ಲು ಉಂಡ್ಬುಟ್ರೆ ಪಂಕ್ತೀಲಿ ಕೂತೋರ್ ಏನ್ ಮಾಡಬೇಕು?”

ಹುಡುಗರು ಅದನ್ನು ಹಾಗೇ ಹಾಕಿದರು. ಕೇಳಿದವರೆಲ್ಲ ಈ ಅಕ್ಕನ್ನ ಮತ್ತೆ ಕರೆಸಿ ಅಂದರಂತೆ. ಅಲ್ಲಿಂದ ಪ್ರತಿ ಮಂಗಳವಾರ ‘ಸೊಪ್ಪಿನಕ್ಕನ ತೀರ್ಪು’ ಅಂತ ಐದು ನಿಮಿಷ ಅವಳಿಗೇ ಮೀಸಲಾಯಿತು. ಐವತ್ತೆರಡು ವರ್ಷ ಶೆಡ್ಡಿನಾಚೆ ಯಾರೂ ಒಂದು ಮಾತು ಕೇಳದ ಹೆಂಗಸಿಗೆ ಮೈಸೂರೆಲ್ಲ ಕಿವಿಗೊಟ್ಟರೆ ಹೇಗಿರಬೇಡ. ಸೋಮಮ್ಮನಿಗೆ ಹೆಮ್ಮೆಯಾಯಿತು, ಅದನ್ನು ಅವಳು ಮುಚ್ಚಿಡಲೂ ಇಲ್ಲ. ಮಂಗಳವಾರ ಮಧ್ಯಾಹ್ನ ಶೆಡ್ಡಿನಲ್ಲಿ ಮೊಬೈಲನ್ನು ತಲೆಕೆಳಗಾದ ಬಕೆಟ್ಟಿನ ಮೇಲಿಟ್ಟು ಎಲ್ಲರಿಗೂ ಕೇಳಿಸುತ್ತಿದ್ದಳು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ಪ್ರಮೀಳಾ.

ಎಡವಟ್ಟಾಗಿದ್ದು ಕಾರ್ತಿಕದಲ್ಲಿ. ಒಂದು ಧಾರಾವಾಹಿಯಲ್ಲಿ, ಮನೆ ಬಿಟ್ಟುಹೋಗಿದ್ದ ಹೆಂಡತಿ ವಾಪಸು ಬರುವ ದೃಶ್ಯ ಬಂತು. ಸಿಡಿಲು ಹೊಡೆಯಿತು. ಮನೆಮಂದಿಯ ಮುಖವನ್ನು ಮೂರು ಮೂರು ಸಲ ತೋರಿಸಿದರು. ಗಂಡ ದೇವರ ದೀಪ ಆರಿಸಿ ಅರ್ಧ ಗಂಟೆ ಭಾಷಣ ಮಾಡಿದ. ಹುಡುಗರು ಸೊಪ್ಪಿನಕ್ಕನ ತೀರ್ಪು ಕೇಳಿದರು. ಸೋಮಮ್ಮ ಟೀ ಹೊತ್ತಿನಲ್ಲಿ ಬ್ಯಾರನ್ ಹಿಂದೆ ನಿಂತು ಮೊಬೈಲಿಗೆ ಹೇಳಿದಳು.

“ಎಲ್ಲಾ ಸುಳ್ಳು ಕಣ್ರಪ್ಪಾ. ಮನೆ ಬುಟ್ಟು ಓದೋಳು ಬಂದ್ರೆ ಇಂಗಲ್ಲ ಆಗಾದು. ನಮ್ಮೂರಲ್ಲಿ ಒಬ್ಬಳು ಬಟ್ಟೆ ಮಾರೋನ ಜೊತೆ ಹ್ಯಾಂಡ್‌ಪೋಸ್ಟ್ ಅನ್ನೋ ಊರಿಗೆ ಓಗಿ ಒಂಬತ್ತು ದಿನ ಇದ್ದು ಬಂದ್ಲು. ಎಸ್ರು ಏಳಾಕಿಲ್ಲ ಬುಡಿ. ಅವಳು ಬಂದಾಗ ಗಂಡ ಎಮ್ಮೆ ಕರೀತಿದ್ದ. ಎದ್ದೂ ನಿಂತ್ಕಳಿಲ್ಲ. ತಿರುಗಿ ನೋಡಿ, ಉಂಡ್ಯಾ, ಅಂದ. ಅಷ್ಟೇಯ. ಅವ್ವಂಗೆ ಉಷಾರಿಲ್ಲ ಅಂತ ಚುಂಚನಕಟ್ಟೆಗೆ ಓಗಿದ್ಲು ಅಂತ ಊರಿಗೂ ಅವನೇ ಏಳಿದ. ನಂಗೆ ಯಂಗ್ ಗೊತ್ತು ಅಂದ್ರೆ, ಅವಳೂ ನಾನೂ ಒಂದೇ ಚಾಪೇಲಿ ಕೂತು ಸೊಪ್ಪು ಆರಿಸೋರು. ಈಗ ಏಳಿ, ಯಾವ್ದು ದೊಡ್ಡ ಸೀನು?”

ಕೆಡುಕು ಮಾಡಬೇಕೆಂದು ಆಡಿದ ಮಾತಲ್ಲ ಅದು. ಹನ್ನೆರಡು ವರ್ಷದ ಹಿಂದೆ ಪ್ರಮೀಳಾ ಅಳುತ್ತ ಅದನ್ನು ತನ್ನೊಬ್ಬಳಿಗೇ ಹೇಳಿದಾಗಿನಿಂದ, ಸೋಮಮ್ಮ ನೋಡಿದ ಪ್ರತಿ ಧಾರಾವಾಹಿಯನ್ನೂ ಪ್ರತಿ ಸಿನಿಮಾವನ್ನೂ ಆ ಒಂದು ಮಾತಿನ ಪಕ್ಕ ಇಟ್ಟು ತೂಗಿದ್ದಳು. ಯಾವುದೂ ಸಮ ಬಂದಿರಲಿಲ್ಲ. ಹೆಸರು ಹೇಳದಿದ್ದರೆ ಗುಟ್ಟು ಗುಟ್ಟಾಗಿಯೇ ಇರುತ್ತದೆ ಅಂದುಕೊಂಡಳು. ಊರಿನಲ್ಲಿ ಹೆಸರಿಗಿಂತ ಚಾಪೆಯೇ ದೊಡ್ಡ ಗುರುತು ಅನ್ನುವುದು ಆ ಪೆದ್ದಿಗೆ ಹೊಳೆಯಲಿಲ್ಲ.

ಮಂಗಳವಾರ ಬಕೆಟ್ಟಿನ ಮೇಲೆ ಮೊಬೈಲು ಮಾತಾಡಿತು. ಸಿಡಿಲಿನ ಗೇಲಿಗೆ ಹೆಂಗಸರು ನಕ್ಕರು. ಬಟ್ಟೆ ಮಾರುವವನು ಬಂದಾಗ ಕಿವಿ ನಿಮಿರಿಸಿದರು. ಚಾಪೆಯ ಮಾತು ಬಂದಾಗ ಎಲ್ಲರ ಕಣ್ಣೂ ಒಂದೇ ಕಡೆ ತಿರುಗಿದವು. ಪ್ರಮೀಳಾ ಕೈಯಲ್ಲಿದ್ದ ಎಲೆಗಳನ್ನು ಆಯಾ ರಾಶಿಗೆ ಹಾಕಿದಳು. ಸೆರಗು ಕೊಡವಿ ಎದ್ದಳು. ಯಾರ ಮುಖವನ್ನೂ ನೋಡದೆ ಹೊರಟುಹೋದಳು.

ಸೋಮಮ್ಮ ಮೊಬೈಲು ಎತ್ತಿಕೊಂಡು ಮನೆಗೆ ಓಡಿದಳು. ರಮ್ಯಳಿಗೆ ಹೇಳಿ ಪಾಡ್‌ಕಾಸ್ಟಿನ ಹುಡುಗರಲ್ಲಿ ಒಬ್ಬನಾದ ಯತೀಶನಿಗೆ ಫೋನ್ ಮಾಡಿಸಿದಳು.

“ಅಕ್ಕ, ನಿಮ್ಮದು ಇದುವರೆಗಿನ ಬೆಸ್ಟು. ಜನ ಅತ್ತುಬಿಟ್ಟಿದ್ದಾರೆ,” ಎಂದ ಅವನು.

“ತೆಗೆದಾಕು ಮಗಾ. ನಿನ್ನ ಕಾಲ್ಗೆ ಬೀಳ್ತೀನಿ.”

ಹುಡುಗ ಒಳ್ಳೆಯವನೇ. ಮರುಮಾತಾಡದೆ ತೆಗೆದ. ಅಷ್ಟರಲ್ಲಿ ಯಾರೋ ಆ ಐದು ನಿಮಿಷವನ್ನು ಮಾತ್ರ ಕತ್ತರಿಸಿ ವಾಟ್ಸಾಪಿಗೆ ಬಿಟ್ಟಿದ್ದರು. ಬಾಯಿಂದ ಜಾರಿದ ಮಾತನ್ನು ಮತ್ತೆ ಹಿಡಿಯಲು ಯಾರಿಂದ ಆಗಿದೆ?

ಮೂರು ದಿನ ಪ್ರಮೀಳಾ ಕೆಲಸಕ್ಕೆ ಬರಲಿಲ್ಲ. ಊರು ಮಾತ್ರ ಕೆಲಸ ಶುರು ಮಾಡಿತ್ತು. ಪ್ರಮೀಳಾಳ ಗಂಡ ಅಂಕಯ್ಯ ಹಾಲಿನ ಕ್ಯಾನು ಹಿಡಿದು ಡೇರಿಗೆ ಹೋದರೆ, ಜಗಲಿಯ ಮೇಲಿನ ಪಡ್ಡೆಗಳು “ಉಂಡ್ಯಾ ಅಂಕಯ್ಯಣ್ಣಾ?” ಎಂದು ಕೇಳಿ ಒಬ್ಬರನ್ನೊಬ್ಬರು ತಿವಿಯುತ್ತಿದ್ದರು. ಆ ಸೀಮೆಯಲ್ಲಿ ಎದುರಿಗೆ ಸಿಕ್ಕವರನ್ನೆಲ್ಲ ಎಲ್ಲರೂ ಕೇಳುವ ಮಾತೇ ಅದು. ಆದ್ದರಿಂದ ಅವನು ಜಗಳಕ್ಕೂ ಹೋಗುವಂತಿರಲಿಲ್ಲ. ತಲೆ ತಗ್ಗಿಸಿ ನಡೆಯುತ್ತಿದ್ದ.

ನಾಲ್ಕನೇ ದಿನ ಸಂಜೆ ಸೋಮಮ್ಮ ಅವರ ಮನೆಗೆ ಹೋದಳು. ಅಂಕಯ್ಯ ಅಂಗಳದಲ್ಲಿ ಎಮ್ಮೆಗೆ ಹುಲ್ಲು ಹಾಕುತ್ತಿದ್ದ. ಅವಳನ್ನು ಕಂಡವನು ಬಯ್ಯಲಿಲ್ಲ, ಹಿತ್ತಲ ಕಡೆ ಹೋದ. ಬಯ್ದಿದ್ದರೆ ವಾಸಿ ಅನ್ನಿಸಿತು ಸೋಮಮ್ಮನಿಗೆ. ಪ್ರಮೀಳಾ ಬಾಗಿಲಿಗೆ ಬಂದು ನಿಂತಳು, ಒಳಗೆ ಕರೆಯಲಿಲ್ಲ.

“ತಪ್ಪಾಯ್ತು ಕಣವ್ವಾ. ಎಸ್ರು ಏಳ್ನಿಲ್ಲ ಅಂತ...”

“ಎಸ್ರುದು ಬುಡಕ್ಕ. ಓಗಿದ್ದು ನಾನು, ಊರು ನನ್ನ ಆಡ್ಕತದೆ, ಆಡ್ಕಳ್ಳಿ. ಅದ್ನ ತಡ್ಕತೀನಿ.” ಪ್ರಮೀಳಾ ಹಿತ್ತಲ ಕಡೆ ನೋಡಿದಳು. “ಅವತ್ತಿಂದ ಅವ್ರು ಒಂದಿನಾನೂ ಯಾಕೋದೆ ಅಂತ ಕೇಳ್ನಿಲ್ಲ. ಒತ್ತಾರೆ ಸಂದೆ ಉಂಡ್ಯಾ ಅಂತ ಕೇಳೋರು. ಅನ್ನೆರಡು ವರ್ಷ. ನಾನು ಉಂಡೆ ಅಂದ್ಮೇಲೇನೇ ಅವ್ರು ತಟ್ಟೆ ಮುಟ್ಟೋದು.”

ಪ್ರಮೀಳಾ ಬಾಗಿಲ ಚೌಕಟ್ಟಿಗೆ ಒರಗಿದಳು.

“ಮಂಗಳವಾರದಿಂದ ಕೇಳ್ನಿಲ್ಲ ಕಣಕ್ಕ. ಆ ಮಾತು ಬಾಯ್ಗೆ ಬಂದ್ರೆ ಅವ್ರಿಗೇ ನಾಚ್ಕೆ. ಇಟ್ಟಿದ್ನ ಸುಮ್ಕೆ ಉಂಡು ಎದ್ದೋಯ್ತಾರೆ. ನಂಗೆ ಅಂತ ಇದ್ದದ್ದು ಅದೊಂದೇ ಮಾತು. ಅದ್ನ ಊರಿಗೆ ಅಂಚ್‌ಬುಟ್ಟಲ್ಲ.”

ಸೋಮವಾರ ಪ್ರಮೀಳಾ ಶೆಡ್ಡಿಗೆ ಬಂದಳು. ಕಂಕುಳಲ್ಲಿ ಹೊಸದೊಂದು ಪ್ಲಾಸ್ಟಿಕ್ ಚಾಪೆ ಇತ್ತು. ಅದನ್ನು ಬಾಗಿಲ ಹತ್ತಿರ ಹಾಸಿ, ಒಬ್ಬಳೇ ಕೂತು ಎಲೆ ಆರಿಸತೊಡಗಿದಳು. ನಿನ್ನೆ ಧಾರಾವಾಹಿಯಲ್ಲಿ ಏನಾಯಿತು ಅಂತ ಯಾರೋ ಕೇಳಿದರು. ನೋಡಲಿಲ್ಲ ಅಂದಳು ಸೋಮಮ್ಮ. ನೋಡಿದ್ದಳು.

ಮಧ್ಯಾಹ್ನ ಊಟದ ಡಬ್ಬಿಗಳು ತೆರೆದವು. ಹದಿನಾಲ್ಕು ವರ್ಷದ ರೂಢಿ. ಪ್ರಮೀಳಾಳ ಕಡೆ ತಿರುಗಿದ ಸೋಮಮ್ಮನ ನಾಲಿಗೆಯ ತುದಿಗೆ ‘ಉಂಡ್ಯಾ’ ಅನ್ನುವ ಮಾತು ತಾನಾಗಿ ಬಂತು. ಪ್ರಮೀಳಾ ತಲೆಯೆತ್ತಿ ಅವಳನ್ನೇ ನೋಡುತ್ತಿದ್ದಳು. ಸೋಮಮ್ಮ ಮಾತನ್ನು ನುಂಗಿಕೊಂಡು, ತನ್ನ ಡಬ್ಬಿಯ ಮುಚ್ಚಳವನ್ನು ಮತ್ತೆ ಮುಚ್ಚಿದಳು.