ಹೊರಹೋಗುವ ಸರ್ವರ್

ಆಸ್ಪತ್ರೆಯ ಹೊಲಿಗೆ ಕೋಣೆಯಲ್ಲಿ ಎಲ್ಲರ ಬಾಯಲ್ಲೂ ಅವಳು ಟೇಲರಕ್ಕ. ಚಾದರಗಳ ಅಂಚು ಮಡಿಸಿ, ಆಪರೇಷನ್ ನಿಲುವಂಗಿಗಳಿಗೆ ಲಾಡಿ ಹೊಲಿದು ಅರ್ಧ ಆಯುಷ್ಯ ಕಳೆದವಳು. ಗಂಡ ಅದೇ ಆಸ್ಪತ್ರೆಯಲ್ಲಿ ಕಣ್ಣು ಪರೀಕ್ಷೆ ಮಾಡುವವನು. ಅವಳ ಅಪ್ಪ ಬಸ್ ಡ್ರೈವರು. ಅಪ್ಪನ ಕಣ್ಣು ಮಂಜಾಗುವವರೆಗೆ ಈ ಸಂಬಂಧದಲ್ಲಿ ತಕರಾರಿರಲಿಲ್ಲ.

ಅಳಿಯ ಅಕ್ಷರಗಳ ಹಲಗೆ ತೋರಿಸಿದ, ಮಾವನಿಗೆ ಓದಲಾಗಲಿಲ್ಲ. ಅಳಿಯ ಕಂಡದ್ದನ್ನು ಕಂಡಂತೆ ಬರೆದ. ಲೈಸೆನ್ಸ್ ಹೋಯಿತು.

"ಒಂದು ನಾಯಿಮರಿಗೂ ಗಾಡಿ ತಾಗಿಸ್ದೋನಲ್ಲ ನಾನು!" ಎಂದು ಅಪ್ಪ ಕೂಗಾಡಿದರು.

"ತಾಗಿಸೋಕೆ ಮುಂಚೆ ನಿಲ್ಲಿಸಿದ್ದೇ ಒಳ್ಳೇದಾಯ್ತಲ್ಲಪ್ಪ," ಎಂದುಬಿಟ್ಟಳು ಮಗಳು.

ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು. ಅವಳಿಗೂ ಬಾಗಿಲು ಮುಚ್ಚಿತು.

ಕೆಲವು ತಿಂಗಳಾದ ಮೇಲೆ ತಮ್ಮ ಫೋನ್ ಮಾಡಿದ. "ಅಪ್ಪ ಸ್ವಲ್ಪ ಮೆತ್ತಗಾಗಿದಾರೆ ಕಣಕ್ಕ. ಕಿವಿ ಅಷ್ಟಕ್ಕಷ್ಟೆ, ಫೋನಲ್ಲಿ ಮಾತಾಡಲ್ವಂತೆ. ಅವರ ಹೆಸರಲ್ಲೊಂದು ಮೇಲ್ ವಿಳಾಸ ಮಾಡಿದೀನಿ, ನೀನು ಬರೆದ್ರೆ ನನ್ನ ಕೈಲಿ ಓದಿಸ್ಕೊಳ್ತಾರಂತೆ. ಭಾವಂದು ಮಾತ್ರ ಬೇಡ್ವಂತೆ."

ಮನೆಯ ಕಂಪ್ಯೂಟರಿನ ಮೇಲ್ ಪ್ರೋಗ್ರಾಮಿನಲ್ಲಿ ಗಂಡನ ಅಕೌಂಟ್ ಮೊದಲೇ ಇತ್ತು. ಅವಳು ತನ್ನದನ್ನೂ ಸೇರಿಸಿದಳು. ಒಳಬರುವ ಸರ್ವರ್ ಯಾವುದೆಂದು ಕೇಳಿತು, ತುಂಬಿದಳು. ಬರೆದದ್ದನ್ನು ಕಳಿಸಿಕೊಡುವ, ಹೊರಹೋಗುವ ಸರ್ವರಿನ ಜಾಗದಲ್ಲಿ ಗಂಡನದು ಆಗಲೇ ಕೂತಿತ್ತು. ಸರಿಯಾಗಿ ಓಡುವ ಮೆಷಿನ್ನಿನ ತಿರುಪಿಗೆ ಕೈ ಹಾಕಬಾರದೆಂಬುದು ಹೊಲಿಗೆ ಕೋಣೆಯ ಕಟ್ಟಳೆ. ಹಾಗೇ ಬಿಟ್ಟಳು.

ಭಾನುವಾರ ತಪ್ಪದೆ ಬರೆದಳು. ಮೊದಲು ತಪ್ಪಾಯಿತೆಂದಳು, ಆಮೇಲೆ ಬರಲೇ ಎಂದು ಕೇಳಿದಳು, ಕಡೆಗೆ ಬೈದೂ ಬರೆದಳು. ವಿಷಯದ ಸಾಲನ್ನು ಖಾಲಿ ಬಿಡುತ್ತಿದ್ದಳು. ಅಪ್ಪನಿಗೆ ಬರೆಯಲು ವಿಷಯವೊಂದು ಬೇರೆ ಬೇಕೇ? ಉತ್ತರ ಬರಲಿಲ್ಲ.

"ಎಂಥಾ ಹಟ ನೋಡಿ," ಎಂದಳು ಗಂಡನಿಗೆ.

"ನಿನ್ನ ನೋಡಿದ್ರೇ ಗೊತ್ತಾಗುತ್ತಲ್ಲ, ಎಲ್ಲಿಂದ ಬಂದಿದ್ದು ಅಂತ."

ತಮ್ಮನನ್ನು ಕೇಳಲು ಅವಳಿಗೆ ಬಿಗುಮಾನ. ಅಕ್ಕನಿಗೆ ಮತ್ತೆ ಹೇಳಲು ತಮ್ಮನಿಗೆ ಬಿಗುಮಾನ. ಹೀಗಿರುತ್ತ ಒಂದು ಬೆಳಿಗ್ಗೆ ಅಪ್ಪ ಏಳಲಿಲ್ಲ.

ಬಂದವರೆಲ್ಲ ಹೋದ ಮೇಲೆ ತವರಿನ ಅಡುಗೆಮನೆಯಲ್ಲಿ ಅವಳು ಬಾಯಿಬಿಟ್ಟಳು. "ಒಂದು ಸಾಲು ಉತ್ತರ ಬರೆಸೋಕಾಗ್ಲಿಲ್ವೇನೋ ನಿನಗೆ?"

"ಯಾವುದಕ್ಕೆ ಉತ್ತರ? ನೀನು ಬರೆದಿದ್ದಾದ್ರೂ ಯಾವಾಗ? 'ಅವಳದ್ದು ಬಂತೇನೋ' ಅಂತ ದಿನಾ ಕೇಳೋರು. ಬರ್ತಿದ್ದಿದ್ದೆಲ್ಲಾ ಭಾವನ ಹೆಸರಲ್ಲಿ. 'ಅವನದಾ? ಅಳಿಸು' ಅನ್ನೋರು. ಅಳಿಸ್ತಿದ್ದೆ."

"ತೆರೆದೂ ನೋಡ್ಲಿಲ್ವಾ?"

"ಪಕ್ಕದಲ್ಲೇ ಕೂತಿರೋರು ಅಕ್ಕ. ಅಳಿಸಿದೆ ಅಂತ ಹೇಳೋತನಕ ಏಳ್ತಿರ್ಲಿಲ್ಲ."

ಆಸ್ಪತ್ರೆಯ ಕಂಪ್ಯೂಟರಿನವನನ್ನು ಮನೆಗೆ ಕರೆಸಿದಳು. ಅವನು ಒಂದೆರಡು ಕಡೆ ಒತ್ತಿ ನೋಡಿದ.

"ಟೇಲರಕ್ಕ, ಬರೋದು ನಿಮ್ಮ ಬಾಗಿಲಿಂದ, ಹೋಗೋದು ಯಜಮಾನರ ಬಾಗಿಲಿಂದ. ಅಕೌಂಟ್ ಎರಡಿದ್ರೆ ಹೊರಹೋಗೋ ಸರ್ವರೂ ಬೇರೆ ಬೇರೆ ಹಾಕ್ಬೇಕು. ಈ ಸರ್ವರು ಏನೇ ಕಳಿಸಿದ್ರೂ ಅವರ ಹೆಸರಲ್ಲೇ ಕಳಿಸೋದು."

"ಇಲ್ಲಿ ನನ್ನ ಹೆಸರೇ ಕಾಣ್ತಿತ್ತಲ್ಲಪ್ಪ?"

"ಇಲ್ಲಿ ಕಾಣುತ್ತೆ. ಅವರಿಗೆ ಕಾಣಲ್ಲ. ಬಿಡಿ, ಎರಡು ನಿಮಿಷದ ಕೆಲಸ."

ಅವನ ಕೈಯನ್ನು ಪಕ್ಕಕ್ಕೆ ಸರಿಸಿ ತಾನೇ ಕೂತಳು. ಅವನು ಹೇಳಿದ ಹಾಗೆ ಹೊಸ ಸರ್ವರಿನ ಹೆಸರು, ತನ್ನ ವಿಳಾಸ, ಪಾಸ್‌ವರ್ಡ್ ಒಂದೊಂದಾಗಿ ತುಂಬಿ, ತನ್ನ ಅಕೌಂಟಿಗೆ ಅದನ್ನೇ ಆರಿಸಿದಳು. ಸರಿಯಾಯಿತೋ ಇಲ್ಲವೋ ನೋಡಲು ಯಾರಿಗಾದರೂ ಒಂದು ಕಳಿಸಬೇಕಿತ್ತು. ಆ ಅಕೌಂಟಿನಿಂದ ಅವಳು ಬರೆದದ್ದು ಒಬ್ಬರಿಗೇ. ಬೇರೆ ವಿಳಾಸ ಇರಲಿಲ್ಲ.

ಸ್ವಲ್ಪ ಹೊತ್ತಿಗೆ ತಮ್ಮನ ಫೋನ್ ಬಂತು.

"ಅಪ್ಪನ ಮೇಲಿಗೆ ಒಂದು ಬಂದಿದೆ ಅಕ್ಕ."

"ಯಾರ ಹೆಸರಲ್ಲಿ?"

"ನಿಂದೇ. ಒಳಗೇನೂ ಇಲ್ವಲ್ಲ?"

"ಏನೂ ಇಲ್ಲ. ಅಳಿಸಿಬಿಡು."

"ಇದೊಂದು ಇರ್ಲಿ ಅಕ್ಕ," ಎಂದ ತಮ್ಮ.