ಏನ್ರೀ ಅಂದರೆ ಯಾರು?

ಹುಚ್ಚಿನ ಬಗ್ಗೆ ನನಗೆ ಗೊತ್ತಿದ್ದದ್ದು ಒಟ್ಟು ಎರಡು ವಾರದ್ದು. ಮೆಡಿಕಲ್ ಕಾಲೇಜಿನಲ್ಲಿ ಓದುವಾಗ ನಮ್ಮನ್ನು ಮೂರು ವಾರ ಮಾನಸಿಕ ರೋಗಿಗಳ ವಾರ್ಡಿಗೆ ಹಾಕಿದ್ದರು. ಅದರಲ್ಲಿ ಒಂದು ವಾರ ನನಗೇ ಜ್ವರ. ಉಳಿದ ಎರಡು ವಾರದಲ್ಲಿ ಒಂದು ನೋಟ್‌ಬುಕ್ಕಿನ ತುಂಬ ಪ್ರಶ್ನೆಗಳನ್ನು ಬರೆದುಕೊಂಡೆ. ರೋಗಿಗೆ ಇವನ್ನು ಕೇಳಬೇಕು, ಉತ್ತರ ಸರಿಯಾದರೆ ತಲೆ ಸರಿ, ತಪ್ಪಾದರೆ ತಲೆ ತಪ್ಪು. ಅರವತ್ತರ ದಶಕದ ಶುರುವಿನಲ್ಲಿ ನಾನು ಮದುವೆಯಾಗಿ ಮೈಸೂರು ಕಡೆಯಿಂದ ದಾವಣಗೆರೆಗೆ ಬಂದಾಗ ಸೀರೆಗಳ ಟ್ರಂಕಿನಲ್ಲಿ ಆ ನೋಟ್‌ಬುಕ್ಕೂ ಬಂತು. ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು, ಜನ ‘ಲೇಡಿ ಡಾಕ್ಟ್ರು’ ಅಂದರು, ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಇನ್ನೊಂದು ಜಂಬವೂ ಇತ್ತು. ನಾನು ಗಂಡನನ್ನು ಹೆಸರು ಹಿಡಿದು ಕರೆಯುತ್ತಿದ್ದೆ. ಮೊದಲ ದಿನ ಅಂಗಳದಿಂದ ಅವರ ಹೆಸರು ಕೂಗಿದಾಗ ಅಡುಗೆಮನೆಯಲ್ಲಿದ್ದ ನನ್ನ ಅತ್ತೆ ರೊಟ್ಟಿಯನ್ನು ಹಂಚಿನ ಮೇಲೆ ಹಾಕುವ ಬದಲು ಒಲೆಯೊಳಕ್ಕೆ ಹಾಕಿದರು. ಏನೋ ಅನಾಹುತವಾಗಿದೆ ಅಂತ ಪಕ್ಕದ ಮನೆಯವರು ಓಡಿ ಬಂದರು. ಒಂದು ವರ್ಷವಾದರೂ ಅತ್ತೆಗೆ ಅದು ಅಭ್ಯಾಸವಾಗಿರಲಿಲ್ಲ.

ಒಂದು ಸೋಮವಾರ ಬೆಳಿಗ್ಗೆ ಹರಿಹರದಿಂದ ಒಬ್ಬ ವ್ಯಾಪಾರಸ್ಥ ತನ್ನ ತಾಯಿಯನ್ನು ಕರೆದುಕೊಂಡು ಆಸ್ಪತ್ರೆಗೆ ಬಂದ. ಹಣೆಗೆ ವಿಭೂತಿ, ಮುಖದ ತುಂಬ ಬೆವರು. ತಾಯಿಗೆ ಅರವತ್ತು ದಾಟಿರಬೇಕು, ಸಣ್ಣಗೆ, ಚುರುಕು. ಬಂದವಳೇ ಕುರ್ಚಿಯ ಧೂಳನ್ನು ಸೆರಗಿನಿಂದ ಒರೆಸಿ, ‘ಒರೆಸೋರು ಯಾರೂ ಇಲ್ಲೇನು ಇಲ್ಲಿ?’ ಅಂತ ಕೇಳಿ ಕೂತಳು.

‘ನಮ್ಮವ್ವಗೆ ತಲಿ ಕೆಟ್ಟೈತೆ ಮೇಡಂ,’ ಅಂದ ಮಗ. ‘ನಮ್ಮಪ್ಪ ತೀರಿಕೊಂಡು ಎರಡು ವರ್ಷ ಆತು. ಈಕಿ ದಿನಾ ಸಂಜಿಗೆ ಟೇಸನ್ನಿಗೆ ಹೋಗಿ ಅವರ ಜೊತಿ ಜಗಳ ಆಡ್ತಾಳೆ. ಶುಕ್ರವಾರ ನನ್ನ ಮಗಳ ನಿಶ್ಚಿತಾರ್ಥ. ಅದರೊಳಗೆ ನೀವೊಂದು ಸಹಿ ಹಾಕಿಕೊಟ್ರೆ ಹುಚ್ಚಾಸ್ಪತ್ರಿಗೆ ಕಳಿಸಿಬಿಡ್ತೀನಿ. ಕೇಳಿದೋರಿಗೆ ಕಾಶಿಗೆ ಹೋಗ್ಯಾಳೆ ಅಂತೀನಿ.’

ಆಗಿನ ಕಾಯಿದೆಯಂತೆ ಒಬ್ಬರನ್ನು ಹಾಗೆ ಕಳಿಸಬೇಕಾದರೆ ಇಬ್ಬರು ಡಾಕ್ಟರು ಸಹಿ ಹಾಕಬೇಕು, ಮೇಲೆ ಮ್ಯಾಜಿಸ್ಟ್ರೇಟರ ಹುಕುಂ. ಮೊದಲ ಸಹಿಯನ್ನು ನಮ್ಮ ಹಿರಿಯ ಡಾಕ್ಟರು ಆಗಲೇ ಹಾಕಿಬಿಟ್ಟಿದ್ದರು. ಎರಡನೆಯದು ನನ್ನದು. ಅಂಥ ಕಡೆಗೆ ಹೋದ ಮುದುಕಿಯರನ್ನು ಆ ಕಾಲದಲ್ಲಿ ಯಾರೂ ವಾಪಸ್ ಕರೆತರುತ್ತಿರಲಿಲ್ಲ. ಇದು ನನಗೆ ಗೊತ್ತಿತ್ತು. ಅವನಿಗೂ ಗೊತ್ತಿತ್ತು ಅಂತ ಕಾಣುತ್ತದೆ, ಅವನು ತಾಯಿಯ ಮುಖ ನೋಡುತ್ತಿರಲಿಲ್ಲ.

ಆದದ್ದಿಷ್ಟು. ಅವನ ತಂದೆ ದಿನಾ ಬೆಳಗಿನ ರೈಲಿಗೆ ದಾವಣಗೆರೆಯ ಅಂಗಡಿಗೆ ಹೋಗಿ ಸಂಜೆ ರೈಲಿಗೆ ಹರಿಹರಕ್ಕೆ ವಾಪಸ್ ಬರುತ್ತಿದ್ದವರು. ಒಂದು ದಿನ ಅಂಗಡಿಯಲ್ಲಿ ಕೂತಲ್ಲೇ ಹೋಗಿಬಿಟ್ಟರು. ಆಮೇಲೆ ಈ ಅಜ್ಜಿ ಸಂಜೆ ರೈಲಿನ ಹೊತ್ತಿಗೆ ಹೋಗಿ ಪ್ಲಾಟ್‌ಫಾರಂ ಬೆಂಚಿನ ಮೇಲೆ ಕೂತು, ‘ಏನ್ರೀ, ಇವತ್ತೂ ತಡ ಮಾಡಿದ್ರಲ್ಲ?’ ಅಂತ ಶುರು ಮಾಡುವಳು. ಏನ್ರೀ ಅಂದರೆ ಯಾರು? ಇಳಿದ ಗಂಡಸರೆಲ್ಲ ತಿರುಗಿ ನೋಡುವರು. ಸ್ಟೇಷನ್ ಮಾಸ್ತರಂತೂ ರೂಮಿನೊಳಗಿಂದಲೇ ‘ಬಂದೆ ಬಂದೆ’ ಅನ್ನುವರಂತೆ, ಮನೆಯ ಅಭ್ಯಾಸ. ಹೋದ ವಾರ ಅದೇ ರೈಲಿನಿಂದ ಹುಡುಗನ ತಂದೆ, ಅಂದರೆ ಬೀಗರಾಗಬೇಕಾದವರು, ಇಳಿದಿದ್ದಾರೆ. ಅಜ್ಜಿ ತನ್ನ ಪಾಡಿಗೆ ‘ಏನ್ರೀ, ಛತ್ರಿ ಎಲ್ಲಿ ಬಿಟ್ರಿ?’ ಅಂತ ಗದರಿಸಿದಳು. ಆ ಮನುಷ್ಯ ಕಂಕುಳು ಮುಟ್ಟಿ ನೋಡಿಕೊಂಡರೆ ನಿಜವಾಗಿಯೂ ಛತ್ರಿ ಇಲ್ಲ! ಅಯ್ಯೋ ಅಂತ ವಾಪಸ್ ಓಡಿದರು, ರೈಲು ಹೊರಟಿತ್ತು, ಅವರು ಎಡವಿ ಯಾರದೋ ಬದನೆಕಾಯಿ ಬುಟ್ಟಿಯೊಳಕ್ಕೆ ಹೋಗಿ ಕೂತರು. ಬುಟ್ಟಿಯಿಂದ ಎದ್ದವರೇ, ಆ ಮುದುಕಿ ಮನೆಯಲ್ಲಿರುವ ತನಕ ನಿಮ್ಮ ಹೆಣ್ಣು ಬೇಡ ಅಂದರಂತೆ.

ಪುಸ್ತಕದ ಪ್ರಕಾರ ರೋಗಿಯನ್ನು ಒಂಟಿಯಾಗಿ ನೋಡಬೇಕು. ಮಗ ಹೇಳಿದ ಹೆಸರು ಕುಲ ಎಲ್ಲವನ್ನೂ ಸಹಿಯ ಫಾರ್ಮಿನಲ್ಲಿ ತುಂಬಿಸಿಕೊಂಡು, ಅವನನ್ನು ಹೊರಗೆ ಕಳಿಸಿ, ನೋಟ್‌ಬುಕ್ ಬಿಚ್ಚಿದೆ.

‘ಅಜ್ಜಿ, ನೂರರಲ್ಲಿ ಏಳು ಕಳೀತಾ ಹೋಗಿ.’

‘ತೊಂಬತ್ಮೂರು, ಎಂಬತ್ತಾರು, ಎಪ್ಪತ್ತೊಂಬತ್ತು, ಎಪ್ಪತ್ತೆರಡು...’ ಉಸಿರು ಬಿಡದೆ ಕೆಳಗಿಳಿದಳು. ನನಗೆ ಲೆಕ್ಕ ತಪ್ಪಿ ಬೆರಳು ಮಡಿಸುತ್ತ ಕೂತೆ. ಅವಳು ತಳ ಮುಟ್ಟಿ, ‘ಎರಡು ಉಳೀತು. ಇದನ್ನೇನು ಮಾಡ್ಲಿ?’ ಅಂದಳು.

ಭೇಷ್ ಅಂತ ಬರೆದುಕೊಂಡೆ. ಗಂಡನ ಹೆಸರು ಕೇಳಲಿಲ್ಲ. ಆ ಪೀಳಿಗೆಯ ಹೆಂಗಸರು ಹೇಳುವುದಿಲ್ಲ ಅಂತ ನನಗೂ ಗೊತ್ತು, ನಾನೇನು ವಿಲಾಯಿತಿಯಿಂದ ಬಂದವಳಲ್ಲ. ಸುಲಭದ ಪ್ರಶ್ನೆಗೆ ಹೋದೆ.

‘ನಿಮ್ಮ ಊರು ಯಾವುದು?’

ಅಜ್ಜಿ ಕಣ್ಣರಳಿಸಿ ನನ್ನನ್ನು ನೋಡಿದಳು. ಸೆರಗನ್ನು ಬಾಯಿಗಿಟ್ಟುಕೊಂಡಳು. ‘ಹೊಳೀ ಊರು,’ ಅಂದಳು.

‘ಹೊಳೆ ಸರಿ. ಊರಿನ ಹೆಸರು?’

‘ಅದಾ, ಹೊಳೀ ಊರು.’ ಕಿಸಕ್ಕನೆ ನಕ್ಕಳು.

‘ದಾವಣಗೆರೆಯಿಂದ ರೈಲು ಹತ್ತಿದರೆ ನೀವು ಎಲ್ಲಿ ಇಳೀತೀರಿ?’

‘ನಮ್ಮ ಮನಿ ಇರೋ ಕಡೆ. ರೈಲಿಗೆ ಗೊತ್ತೈತೆ ಬಿಡ್ರಿ.’

ನನಗೆ ಸಿಟ್ಟು ಬರತೊಡಗಿತು. ‘ಹೋಗಲಿ, ನಿಮ್ಮೂರ ದೊಡ್ಡ ಗುಡಿಯಲ್ಲಿರೋ ದೇವರು ಯಾರು?’

ಅಜ್ಜಿ ಈಗ ಭುಜ ಕುಣಿಸಿಕೊಂಡು ನಗುತ್ತಿದ್ದಳು. ‘ಅರ್ಧ ಅವರು, ಅರ್ಧ ಇವರು! ಸಾಕ್ ಬಿಡ್ರಿ ಡಾಕ್ಟ್ರಮ್ಮಾ, ನೀವು ಭಾಳ ಕಿಲಾಡಿ ಅದೀರಿ!’

ನಾನು ಗಂಭೀರವಾಗಿ ಬರೆದೆ: ತಾನಿರುವ ಊರು ಗೊತ್ತಿಲ್ಲ. ಮಾತು ಅಸಂಬದ್ಧ. ಕಾರಣವಿಲ್ಲದೆ ನಗು. ಸತ್ತವರೊಡನೆ ಸಂಭಾಷಣೆ. ನೋಟ್‌ಬುಕ್ಕಿನ ಲೆಕ್ಕದಲ್ಲಿ ಇಷ್ಟು ಸಾಕಾಗಿ ಉಳಿಯುತ್ತಿತ್ತು. ಸಹಿ ಹಾಕಲು ಪೆನ್ನು ಊರಿದೆ. ಕಾಗದದ ಮೇಲೆ ಬರೀ ಗೀಚು ಬಿತ್ತು, ಮಸಿ ಖಾಲಿ. ಕೊಡವಿದೆ, ಒಂದು ತೊಟ್ಟೂ ಬರಲಿಲ್ಲ. ಹೊರಗೆ ಇಪ್ಪತ್ತು ಜನ ಕಾದಿದ್ದರು. ‘ಬುಧವಾರ ಬನ್ನಿ’ ಅಂತ ಮಗನನ್ನು ಕಳಿಸಿದೆ. ಆ ದಿನ ಅವಳನ್ನು ಉಳಿಸಿದ್ದು ನನ್ನ ಆತ್ಮಸಾಕ್ಷಿ ಅಂತ ಹೇಳಿಕೊಳ್ಳಲು ನನಗೂ ಆಸೆ. ಆದರೆ ಅದು ಮಸಿ.

ರೋಗಿಯ ವಿಷಯ ಮನೆಯಲ್ಲಿ ಆಡಬಾರದು. ಅದೂ ನೋಟ್‌ಬುಕ್ಕಿನಲ್ಲಿತ್ತು. ಸಂಜೆ ಅತ್ತೆ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಎಲ್ಲವನ್ನೂ ಆಡಿಬಿಟ್ಟೆ. ಹೆಸರು ಹೇಳಲಿಲ್ಲ ಅನ್ನುವುದೊಂದೇ ನನ್ನ ಮರ್ಯಾದೆ.

‘ಊರ ಹೆಸರು ಹೇಳಂಗಿಲ್ಲಾ?’ ಅತ್ತೆ ಕೈ ನಿಲ್ಲಿಸಿದರು. ‘ನಕ್ಕಳಾ? ಬಾಯಿಗೆ ಸೆರಗು ಇಟ್ಕೊಂಡು?’

‘ಹೌದು. ಹುಚ್ಚಿನ ಲಕ್ಷಣ.’

‘ಈ ಅಕ್ಕಿಯೊಳಗೆ ಎಷ್ಟು ಗಟ್ಟೀದು ಐತೆ ನೋಡವ್ವಾ,’ ಅಂದರು ಅತ್ತೆ, ಒಂದು ಕಲ್ಲನ್ನು ನನ್ನ ಮುಂದೆ ಹಿಡಿದು. ‘ಇದಕ್ಕೆ ನಾನು ಗಟ್ಟೀದು ಅಂತ ಯಾಕ ಅಂತೀನಿ, ಎಂದಾರ ಕೇಳೀಯೇನು?’

ಕೇಳಿರಲಿಲ್ಲ. ಕಲ್ಲಿಗೆ ಈ ಕಡೆ ಗಟ್ಟೀದು ಅನ್ನುತ್ತಾರೆ ಅಂದುಕೊಂಡು ನಾನೂ ಒಂದು ವರ್ಷದಿಂದ ಹಾಗೇ ಅನ್ನುತ್ತಿದ್ದೆ. ಆಸ್ಪತ್ರೆಯಲ್ಲಿ ಒಬ್ಬ ರೋಗಿಗೆ ಮೂತ್ರದಲ್ಲಿ ಗಟ್ಟೀದಿದೆ ಅಂತಲೂ ಹೇಳಿದ್ದೆ. ಆಗ ಹೊಳೆಯಿತು: ನನ್ನ ಮಾವನವರ ಹೆಸರು ಶುರುವಾಗುವುದೇ ಕಲ್ಲಿನಿಂದ.

ಎದ್ದು ಚೀಲದಿಂದ ಫಾರ್ಮು ತೆಗೆದೆ. ಗಂಡನ ಹೆಸರು ಅನ್ನುವ ಜಾಗದಲ್ಲಿ ನನ್ನದೇ ಕೈಬರಹದಲ್ಲಿ, ದುಂಡಗೆ, ಊರಿನ ಹೆಸರು ಇತ್ತು. ಕೊನೆಗೊಂದು ‘ಅಪ್ಪ’ ಸೇರಿತ್ತು, ಅಷ್ಟೇ.

ಅತ್ತೆ ಮೊರ ಪಕ್ಕಕ್ಕಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕರು. ‘ಇಷ್ಟು ಓದಿದಾಕಿ ನನ್ನ ಬಾಯಿಂದ ಹೆಸರು ಹೇಳಿಸಾಕ ನೋಡ್ತಾಳೆ, ಚ್ಯಾಷ್ಟಿ ಮಾಡ್ತಾಳೆ ಅಂದ್ಕೊಂಡಾಳೆ ಆಕಿ! ಮದಿವಿ ಮನ್ಯಾಗ ಮಾಡ್ತಾರಲ್ಲ, ಹಂಗೆ. ನೀನು ಅದನ್ನ ಹುಚ್ಚು ಅಂತ ಬರಕೊಂಡ್ಯಾ?’

ನನಗೆ ನಗು ಬರಲಿಲ್ಲ. ಕಿವಿ ಸುಡುತ್ತಿತ್ತು. ‘ಆದರೂ ಸತ್ತ ಗಂಡನ ಜೊತೆ ಮಾತಾಡ್ತಾಳಲ್ಲ?’ ಅಂದೆ, ಸೋಲಲು ಮನಸ್ಸಿಲ್ಲದೆ.

‘ನಾನು ಬದುಕಿರೋ ಗಂಡನ ಜೊತಿ ಮೂವತ್ತು ವರ್ಷದಿಂದ ಮಾತಾಡ್ತಿದೀನಿ. ಅವರೂ ಉತ್ತರ ಕೊಡಂಗಿಲ್ಲ. ನನಗೂ ಒಂದು ಸರ್ಟಿಫಿಕೇಟ್ ಬರಿ.’

ಮರುದಿನ ಸಂಜೆ ರೈಲಿಗೆ ಹರಿಹರಕ್ಕೆ ಹೋದೆ. ಇಳಿಯುತ್ತಿದ್ದಂತೆ ‘ಏನ್ರೀ!’ ಕೇಳಿಸಿತು, ನಾನೂ ತಿರುಗಿ ನೋಡಿದೆ ಅಂದರೆ ಅದರ ಗತ್ತು ಎಂಥದಿರಬೇಕು. ಬೆಂಚಿನ ಮೇಲೆ ಅವಳ ಪಕ್ಕ ಕೂತೆ. ‘ನಿಮಗೆ ಅವರು ಕಾಣಿಸ್ತಾರಾ ಅಜ್ಜಿ?’ ಅಂತ ಕೇಳಿದೆ.

‘ಸತ್ತೋರು ಕಾಣ್ತಾರೇನ್ರಿ? ನಿಮಗ ತಲಿ ಸರಿ ಐತೋ ಇಲ್ಲೋ?’

‘ಮತ್ತೆ ಇಲ್ಲಿ ಯಾಕೆ ಮಾತಾಡ್ತೀರಿ?’

ಅವಳು ಹಳಿಯ ಕಡೆ ನೋಡಿದಳು. ‘ಮನ್ಯಾಗ ಅತ್ರೆ ಮಗ, ಸೊಸಿ ಬ್ಯಾಸರ ಮಾಡ್ಕೊಂತಾರೆ. ಇಲ್ಲಿ ರೈಲು ಕೂಗ್ತೈತೆ, ಅಳೋದು ಯಾರಿಗೂ ಕೇಳಂಗಿಲ್ಲ. ಬೈಯೋದೊಂದು ಕೇಳ್ತೈತೆ. ಅವರು ರೈಲಿಗೆ ಹೋದೋರು, ರೈಲಿಗೆ ಬರ್ಲಿಲ್ಲ ನೋಡ್ರಿ. ಲಾರ್ಯಾಗ ಹಾಕ್ಕೊಂಡು ತಂದ್ರು.’

ನನ್ನ ನೋಟ್‌ಬುಕ್ಕಿನಲ್ಲಿ ಇದಕ್ಕೆ ಪ್ರಶ್ನೆ ಇರಲಿಲ್ಲ. ಸಹಿ ಕೇಳಿದವನು ಮಗ. ಸಹಿ ಬೀಳುವುದು ಇವಳ ಮೇಲೆ. ನಾನು ನಿನ್ನೆ ಮಗನ ಕಷ್ಟಕ್ಕೆ ಇವಳಿಗೆ ಔಷಧಿ ಬರೆಯಲು ಕೂತಿದ್ದೆ. ನಾಚಿಕೆಯಾಯಿತು, ಬೇರೆ ಮಾತೇ ಇಲ್ಲ.

ಬುಧವಾರ ಬೆಳಿಗ್ಗೆ ಹಿರಿಯ ಡಾಕ್ಟರ ಮುಂದೆ ನಿಂತು, ‘ನಾನು ಸಹಿ ಹಾಕೋಲ್ಲ ಸರ್’ ಅಂದು ಕಾರಣ ಹೇಳಿದೆ. ಅವರು ಕನ್ನಡಕ ತೆಗೆದರು. ‘ನಾನೂ ಊರೇ ಕೇಳಿದ್ದು ಕಣಮ್ಮಾ. ಹೇಳ್ಲಿಲ್ಲ. ಆದ್ರೆ ಹಾಕಿದ ಸಹೀನ ಕತಿ ಕೇಳಿ ಹರಿಯಾಕಾಗ್ತದಾ? ನನ್ನೆದುರಿಗೆ ಒಂದ್ಸಲ ಹೇಳ್ಲಿ, ನಾನೇ ಹರೀತೀನಿ. ಹೇಳದಿದ್ರೆ ಎರಡನೇ ಸಹಿಗೆ ಮಗ ಬೇರೆ ಡಾಕ್ಟ್ರ ಹತ್ರ ಹೋಗ್ತಾನೆ. ಊರಾಗ ಡಾಕ್ಟ್ರಿಗೇನು ಬರ.’

ಮಗನನ್ನೂ ಅಜ್ಜಿಯನ್ನೂ ಒಳಗೆ ಕರೆಸಿದರು. ‘ಯಾವ ಊರಮ್ಮಾ?’

ಅಜ್ಜಿ ನೆಲ ನೋಡಿದಳು. ನಾನು ಹತ್ತಿರ ಹೋಗಿ ಪಿಸುಗುಟ್ಟಿದೆ, ‘ಅಜ್ಜಿ, ಹೇಳದಿದ್ರೆ ನಿಮ್ಮನ್ನ ಹುಚ್ಚಾಸ್ಪತ್ರೆಗೆ ಕಳಿಸ್ತಾರೆ. ಒಂದೇ ಒಂದ್ಸಲ.’

‘ಕಳಿಸಿದ್ರೆ ಕಳಿಸ್ಲಿ. ಅವರ ಹೆಸರು ಹಂಗೆಲ್ಲ ಬಾಯಾಗ ಆಡಂಗಿಲ್ಲ.’

ನನ್ನ ಅತ್ತೆ ಅದಕ್ಕೊಂದು ದಾರಿ ಹೇಳಿ ಕಳಿಸಿದ್ದರು. ‘ಒಡಪು ಹಾಕಿ ಹೇಳ್ರಿ,’ ಅಂದೆ. ಗಂಡನ ಹೆಸರನ್ನು ಪ್ರಾಸದ ಹಾಡಿನಲ್ಲಿ ಸೇರಿಸಿ ಹೇಳುವುದು ಒಡಪು. ಹಾಗೆ ಹೇಳಿದರೆ ತಪ್ಪಿಲ್ಲ.

‘ಒಡಪು ಮುತ್ತೈದೇರು ಹೇಳೋದು,’ ಅಂದಳು ಅಜ್ಜಿ. ಆಮೇಲೆ ಎದ್ದು ತಲೆಯ ಮೇಲೆ ಸೆರಗು ಹೊದ್ದು, ಹೊಸ ಮದುಮಗಳ ಹಾಗೆ ಬಾಗಿಲ ಕಡೆಗೆ ತಿರುಗಿ ನಿಂತಳು.

‘ಹೊಳೀ ನೀರು ಝುಳುಝುಳು, ರೈಲು ಬಂತು ಸರಸರ,
ಛತ್ರಿ ಮರ್ತು ಬರೋ ರಾಯರ ಊರೂ ಹೆಸರೂ ಹರಿಹರ.’

ಹಿರಿಯ ಡಾಕ್ಟರು ಕುರ್ಚಿಯಲ್ಲೇ ಕುಲುಕುಲು ನಕ್ಕು, ‘ಭಲೇ!’ ಅಂದು ಫಾರ್ಮನ್ನು ಪರ್‍ರನೆ ಹರಿದರು. ನಾನು ಚಪ್ಪಾಳೆ ತಟ್ಟಿದೆ. ಅಜ್ಜಿ ಮಾತ್ರ ಬಾಗಿಲನ್ನೇ ನೋಡುತ್ತ ನಿಂತಿದ್ದಳು.

‘ಮದಿವ್ಯಾಗ ಒಡಪು ಹೇಳಿದಾಗ ಅವರು ಒಳಗಿಂದ ಆಂ ಅಂದಿದ್ರು,’ ಅಂದಳು. ‘ಎಲ್ಲರೂ ನಕ್ಕಿದ್ರು. ಏನ್ರೀ ಏನ್ರೀ ಅಂತ ಕರೆದ್ರೆ ಯಾರನ್ನ ಅಂತ ಗೊತ್ತಾಗವಲ್ದೇನೋ ಅಂದ್ಕೊಂಡಿದ್ದೆ ನಾನು. ಹೆಸರು ಹಿಡಿದು ಕರೆದ್ರೂ ಬರ್ಲಿಲ್ಲ ನೋಡ್ರಿ.’

ಮಗ ಬಂದು ತಾಯಿಯ ಕೈ ಹಿಡಿದುಕೊಂಡ. ‘ನಡಿಯವ್ವಾ. ಸಂಜಿಗೆ ಟೇಸನ್ನಿಗೆ ನಾನೂ ಬರ್ತೀನಿ,’ ಅಂದ. ಬೀಗರು ಏನನ್ನುತ್ತಾರೆ ಅಂತ ನಾನು ಕೇಳಿದ್ದಕ್ಕೆ, ‘ಏನಾರ ಅನ್ಲಿ’ ಅಂದ. ಬೀಗರು ಶುಕ್ರವಾರ ಬಂದೇ ಬಂದರಂತೆ. ನಿಶ್ಚಿತಾರ್ಥ ಮುಗಿದ ಮೇಲೆ ಅಜ್ಜಿಯನ್ನು ಮೂಲೆಗೆ ಕರೆದು, ಛತ್ರಿ ರೈಲಿನ ಯಾವ ಡಬ್ಬಿಯಲ್ಲಿ ಉಳಿದಿದೆ ಅಂತ, ಕಣಿ ಹೇಳುವವಳನ್ನು ಕೇಳುವ ಹಾಗೆ ಭಕ್ತಿಯಿಂದ ಕೇಳಿದರಂತೆ.

ಆ ಬುಧವಾರ ಸಂಜೆ ಮನೆಗೆ ಬಂದವಳೇ ಅಂಗಳದಲ್ಲಿ ನಿಂತು ನನ್ನ ಗಂಡನ ಹೆಸರು ಕೂಗಿದೆ.

‘ಆಂ?’ ಅಂದರು ಒಳಗಿನಿಂದ.

‘ಏನಿಲ್ಲ,’ ಅಂದೆ.

ಅಡುಗೆಮನೆಯ ಬಾಗಿಲಲ್ಲಿ ಅತ್ತೆ ರೊಟ್ಟಿ ಹಿಡಿದುಕೊಂಡು ನಿಂತಿದ್ದರು. ನಡೆದದ್ದನ್ನೆಲ್ಲ ಹೇಳಿದೆ. ಅವರು ಒಳಗೆ ಹೋಗಿ ರೊಟ್ಟಿಯನ್ನು ಈ ಸಲ ಹಂಚಿನ ಮೇಲೇ ಹಾಕಿ ಬಂದರು.

‘ಇನ್ನೊಂದ್ಸಲ ಕರಿಯವ್ವಾ,’ ಅಂದರು ಆಮೇಲೆ.